ಸಂತ ಅಂತೋಣಿಯ ಬೆಂಕಿ ತಗುಲಿದವರಿಗೆ ಬಾಗಿಲು ತೆರೆದ ಸೋದರರು

ಹನ್ನೊಂದನೆಯ ಶತಮಾನದ ಕೊನೆಯಲ್ಲಿ ಆಗ್ನೇಯ ಫ್ರಾನ್ಸಿನ ಡೋಫಿನೆ ಪ್ರಾಂತ್ಯದ ಒಂದು ಸಣ್ಣ ಊರಿಗೆ, ‘ಸಂತ ಅಂತೋಣಿಯ ಬೆಂಕಿ’ ಎಂಬ ರೋಗ ತಗುಲಿ ಕೈಕಾಲುಗಳಲ್ಲಿ ತಡೆಯಲಾಗದ ಉರಿಯನ್ನು ಹೊತ್ತ ಯಾತ್ರಿಕರು ದೂರದೂರದಿಂದ ಬರುತ್ತಿದ್ದರು. ಕಾನ್ಸ್ಟಾಂಟಿನೋಪಲ್‌ನಿಂದ ತಂದದ್ದೆಂದು ಜನ ನಂಬಿದ್ದ ಸಂತ ಅಂತೋಣಿಯ ಅಸ್ಥಿಗಳು ಅಲ್ಲಿನ ಚರ್ಚಿನಲ್ಲಿದ್ದವು. ಈತ ನಮ್ಮ ಡೋರ್ನಹಳ್ಳಿಯಲ್ಲಿ ಭಕ್ತರು ಹರಕೆ ಹೊರುವ ಪಾದುವಾದ ಅಂತೋಣಿಯಲ್ಲ. ಅವನಿಗಿಂತ ಎಷ್ಟೋ ಶತಮಾನ ಹಿಂದೆ ಈಜಿಪ್ಟಿನ ಮರುಭೂಮಿಯಲ್ಲಿ ತಪಸ್ಸು ಮಾಡಿದ ವೈರಾಗಿ.

ಆ ರೋಗಿಗಳನ್ನು ನೋಡಿಕೊಳ್ಳಲು ಅಲ್ಲಿ ಸಂತ ಅಂತೋಣಿಯ ಹೆಸರಿನಲ್ಲಿ ಸೋದರರ ಸಂಘವೊಂದು ಹುಟ್ಟಿತು. ಸಂಘದ ಪರಂಪರೆಯ ಪ್ರಕಾರ, ಗ್ಯಾಸ್ಟನ್ ಎಂಬ ಕುಲೀನನು ತನ್ನ ಮಗ ಈ ರೋಗದಿಂದ ಪಾರಾದದ್ದಕ್ಕೆ ಕೃತಜ್ಞನಾಗಿ, ಸುಮಾರು 1095ರಲ್ಲಿ ಮಗನೊಡನೆ ಹಾಗೂ ಕೆಲವು ಸಂಗಡಿಗರೊಡನೆ ರೋಗಿಗಳ ಸೇವೆಗೆ ನಿಂತನು. ಆರಂಭದಲ್ಲಿ ಇವರು ಗೃಹಸ್ಥ ವರ್ಗದ ಸೇವಕರೇ ಹೊರತು ಸನ್ಯಾಸಿಗಳಲ್ಲ. ಚರ್ಚಿನ ಉಸ್ತುವಾರಿ ಹೊತ್ತಿದ್ದ ಬೆನೆಡಿಕ್ಟೈನ್ ಪಂಥದ ಸನ್ಯಾಸಿಗಳೊಡನೆ ದೀರ್ಘಕಾಲ ನಡೆದ ಜಗಳ, 1297ರಲ್ಲಿ ಎಂಟನೆಯ ಬೋನಿಫೇಸ್ ಪೋಪ್ ಆಸ್ಪತ್ರೆಯ ಸೋದರರಿಗೆ ಸಂತ ಅಗಸ್ಟೀನನ ಹೆಸರಿನ ಮಠಜೀವನದ ನಿಯಮವನ್ನು ಕೊಟ್ಟು ಅವರ ನೆಲೆಯನ್ನು ಸ್ವತಂತ್ರ ಮಠವಾಗಿಸಿದ ಮೇಲೆ ಮುಗಿಯಿತು.

ಆ ರೋಗ ಎಷ್ಟು ಭೀಕರವಾಗಿತ್ತೆಂದರೆ, ಬೆರಳುಗಳು ಕಪ್ಪಾಗಿ ಒಣಗಿ, ಕೆಲವೊಮ್ಮೆ ಹನಿ ರಕ್ತವೂ ಬಾರದೆ ಕೀಲಿನ ಬಳಿ ಕಳಚಿ ಬೀಳುತ್ತಿದ್ದವು. 994ರಲ್ಲಿ ಅಕ್ವಿಟೇನ್ ಸೀಮೆಯಲ್ಲಿ ಅದಕ್ಕೆ ಸಾವಿರಾರು ಜನ ಬಲಿಯಾದರು. ಬಡವರು ತಿನ್ನುತ್ತಿದ್ದ ರೈ ಧಾನ್ಯದ ತೆನೆಯಲ್ಲಿ, ಕಾಳು ಇರಬೇಕಾದ ಜಾಗದಲ್ಲಿ ಕಡುನೇರಳೆ ಬಣ್ಣದ, ಸಣ್ಣ ಕೊಂಬಿನಂಥ ಶಿಲೀಂಧ್ರದ ಗಟ್ಟಿ ಬೆಳೆಯುತ್ತದೆ. ಅದು ಹಿಟ್ಟಿನಲ್ಲಿ ಬೆರೆತು ಹೊಟ್ಟೆಗೆ ಹೋದರೆ ರಕ್ತನಾಳಗಳು ಬಿಗಿದುಕೊಂಡು ಅಂಗಾಂಗಗಳು ಸಾಯುತ್ತವೆ. ಎರ್ಗಟ್ ಎನ್ನುವುದು ಇದನ್ನೇ. ಇದೇ ಕುಲದ ಇನ್ನೊಂದು ಶಿಲೀಂಧ್ರ ನಮ್ಮ ಸಜ್ಜೆಯ ತೆನೆಗೂ ತಗಲುತ್ತದೆ. ಬಿತ್ತುವ ಮೊದಲು ಬೀಜವನ್ನು ಉಪ್ಪುನೀರಿಗೆ ಹಾಕಿ ತೇಲಿದ್ದನ್ನು ತೆಗೆದುಬಿಡಬೇಕೆಂದು ಕೃಷಿ ತಜ್ಞರು ಹೇಳುವುದು ಅದಕ್ಕೇ.

ಸೋದರರಿಗೆ ಇದಾವುದೂ ತಿಳಿದಿರಲಿಲ್ಲ. ಅವರು ಅಸ್ಥಿಗಳ ಮೇಲೆ ಸುರಿದ ದ್ರಾಕ್ಷಾರಸವನ್ನು ರೋಗಿಗಳಿಗೆ ಕೊಟ್ಟರು, ಗಿಡಮೂಲಿಕೆಗಳನ್ನು ಕೊಬ್ಬಿನಲ್ಲಿ ಕಲಸಿ ಮುಲಾಮು ಹಚ್ಚಿದರು, ಒಳ್ಳೆಯ ರೊಟ್ಟಿಯನ್ನೂ ಹಂದಿಮಾಂಸವನ್ನೂ ಬಡಿಸಿದರು. ಊರಿನ ವಿಷದ ರೊಟ್ಟಿ ತಪ್ಪಿ ಆಸ್ಪತ್ರೆಯ ರೊಟ್ಟಿ ಸಿಕ್ಕಿದ್ದೇ ಹಲವರನ್ನು ಉಳಿಸಿರಬೇಕೆಂದು ನನಗೆ ತೋರುತ್ತದೆ. ಆದರೆ ನಾನು ಈ ಸಂಘವನ್ನು ಗೌರವಿಸುವುದು ಗುಣವಾದವರ ದೆಸೆಯಿಂದಲ್ಲ. ಕೊಳೆತ ಕೈಕಾಲುಗಳನ್ನು ಶಸ್ತ್ರವೈದ್ಯರು ಕತ್ತರಿಸಿ ತೆಗೆದ ಮೇಲೆ, ಉಳುಮೆಗೂ ಕೂಲಿಗೂ ಒದಗದ ಆ ಜನರನ್ನು ಅವರು ಬೀದಿಗೆ ಬಿಡದೆ, ಜೀವಮಾನವಿಡೀ ಅನ್ನ, ಬಟ್ಟೆ, ಸೂರು ಕೊಟ್ಟು ಸಾಕಿದರು. ಇದರ ಖರ್ಚಿಗೆ ಯೂರೋಪಿನ ಉದ್ದಗಲಕ್ಕೂ ಭಿಕ್ಷೆ ಎತ್ತಿದರು; ಕೊರಳಿಗೆ ಗಂಟೆ ಕಟ್ಟಿದ ಅವರ ಹಂದಿಗಳು ಪಟ್ಟಣದ ಬೀದಿಗಳಲ್ಲಿ ಅಡ್ಡಿಯಿಲ್ಲದೆ ತಿರುಗಿ, ಜನ ಹಾಕಿದ್ದನ್ನು ತಿಂದು ಕೊಬ್ಬುತ್ತಿದ್ದವು.

ಅಲ್ಸೇಸಿನ ಐಸೆನ್‌ಹೈಮ್‌ನಲ್ಲಿದ್ದ ಇವರ ಮಠಕ್ಕಾಗಿ ಜರ್ಮನ್ ಚಿತ್ರಕಾರ ಗ್ರೂನೆವಾಲ್ಡ್ 1512ರಿಂದ 1516ರ ನಡುವೆ ಬರೆದ, ಬಲಿಪೀಠದ ಮೇಲೆ ನಿಲ್ಲಿಸುವ ಹಲವು ಫಲಕಗಳ ಪೀಠಚಿತ್ರ ಈಗ ಕೋಲ್ಮಾರ್ ನಗರದ ಮ್ಯೂಸಿಯಮ್ಮಿನಲ್ಲಿದೆ. ಅದರಲ್ಲಿ ಶಿಲುಬೆಯ ಮೇಲಿನ ಯೇಸುವಿನ ಮೈತುಂಬ ಹುಣ್ಣುಗಳಿವೆ; ಇನ್ನೊಂದು ಫಲಕದ ಎಡ ಮೂಲೆಯಲ್ಲಿ ಹೊಟ್ಟೆ ಉಬ್ಬಿದ, ಚರ್ಮ ಕೊಳೆತ ರೋಗಿಯೊಬ್ಬ ಬಿದ್ದಿದ್ದಾನೆ; ಮತ್ತೊಂದರಲ್ಲಿ ಇಬ್ಬರು ವೈರಾಗಿಗಳ ಕಾಲ ಬಳಿ ಮದ್ದಿನ ಗಿಡಗಳನ್ನು ಗುರುತು ಹಿಡಿಯುವಷ್ಟು ಸ್ಪಷ್ಟವಾಗಿ ಬರೆದಿದ್ದಾನೆ. ನರಳುತ್ತ ಬಂದವನಿಗೆ ತನ್ನ ನೋವನ್ನೇ ದೇವರ ಮೈಮೇಲೆ ತೋರಿಸಿದ ಈ ಧೈರ್ಯಕ್ಕೆ ಸಮನಾದದ್ದನ್ನು ಆಸ್ಪತ್ರೆಯ ಗೋಡೆಗಳ ಮೇಲೆ ನಾನು ಬೇರೆಲ್ಲೂ ಕಂಡಿಲ್ಲ.

1676ರಲ್ಲಿ ಫ್ರೆಂಚ್ ವೈದ್ಯ ದೋದಾರ್ ರೋಗಕ್ಕೂ ರೈ ತೆನೆಯ ಕೊಂಬಿಗೂ ಇರುವ ನಂಟನ್ನು ವಿವರಿಸಿದನು. ಅಷ್ಟರಲ್ಲಿ ಸಂಘವೂ ಸೊರಗತೊಡಗಿತ್ತು. 1777ರಲ್ಲಿ ಅದನ್ನು ಮಾಲ್ಟಾದ ಸಂಘ ಎಂಬ ಕ್ರೈಸ್ತ ಯೋಧರ ಸಂಘದಲ್ಲಿ ವಿಲೀನಗೊಳಿಸಲಾಯಿತು.