ಎಂಜಿನ್ ಬಂದ್ ಮಾಡಿದ ಮೇಲೆ

ಕುಂಬಳೆಯ ಕೊಯಿಪ್ಪಾಡಿಯಿಂದ ಕಡಲಿಗೆ ಹೋಗಬೇಕು ಅಂತ ಎಷ್ಟೋ ವರ್ಷದಿಂದ ಆಸೆ ಇತ್ತು. ನನ್ನ ಕ್ಲಾಸಿನ ಹುಡುಗನೊಬ್ಬನ ಅಪ್ಪ ನಾಡದೋಣಿಯಲ್ಲಿ ಮೀನಿಗೆ ಹೋಗುವವರು. ಸಿಕ್ಕಾಗೆಲ್ಲ ಕೇಳುತ್ತಿದ್ದೆ. "ಬಲೆ ಬಿಡುವ ದಿನ ಬೇಡ ಮಾಷ್ಟ್ರೇ, ನಿಮ್ಮನ್ನು ನೋಡ್ಲಿಕ್ಕೆ ನಮಗೆ ಪುರುಸೊತ್ತು ಇರುವುದಿಲ್ಲ" ಅನ್ನುತ್ತಿದ್ದರು. ಈ ಜನವರಿಯಲ್ಲಿ ಅವರೇ ಫೋನ್ ಮಾಡಿದರು. ಎಂಜಿನ್ ರಿಪೇರಿ ಆಗಿ ಬಂದಿದೆ, ಒಂದು ಸುತ್ತು ಓಡಿಸಿ ನೋಡ್ಬೇಕು, ಬೆಳಿಗ್ಗೆ ಬೇಗ ಬನ್ನಿ ಅಂತ.

ನಾವು ಮೂವರು. ಅವರು, ಅವರ ತಮ್ಮ, ನಾನು. ನನಗೆ ಲೈಫ್ ಜಾಕೆಟ್ ಹಾಕಿಸಿಯೇ ದೋಣಿ ಇಳಿಸಿದರು. ದಡದ ಹತ್ತಿರ ಅಲೆ ಒಡೆಯುವ ಜಾಗ ದಾಟುವವರೆಗೆ ನಾನು ಎರಡೂ ಕೈಯಲ್ಲಿ ಹಲಗೆ ಹಿಡಿದು ಕೂತಿದ್ದೆ. ಅದು ದಾಟಿದ ಮೇಲೆ ಕಡಲು ಎಣ್ಣೆ ಹೊಯ್ದ ಹಾಗೆ ಇತ್ತು. ಬೆಳಗಿನ ಮೂಡುಗಾಳಿ ಬೆನ್ನಿಗೆ ಬೀಸುತ್ತಿತ್ತು, ತಿರುಗಿ ನೋಡಿದರೆ ತೆಂಗಿನ ಸಾಲು, ಅದರ ಹಿಂದೆ ದೂರದಲ್ಲಿ ಘಟ್ಟದ ಗೆರೆ. ಇಷ್ಟು ವರ್ಷ ಊರಿನಲ್ಲೇ ಇದ್ದು ಊರನ್ನು ಆ ಕಡೆಯಿಂದ ನೋಡಿಯೇ ಇರಲಿಲ್ಲ.

ಮೊದಲು ಕಂಡದ್ದು ಹದ್ದು. ಬಿಳಿ ಹೊಟ್ಟೆಯ ಕಡಲ ಹದ್ದು, 2023ರಲ್ಲಿ ನಮ್ಮ ಕಾಸರಗೋಡು ಜಿಲ್ಲೆಯ ಪಕ್ಷಿ ಅಂತ ಘೋಷಣೆ ಆದದ್ದು. ಆಗಲೇ ಕಾಸರಕ ಮರವನ್ನೂ ಜಿಲ್ಲೆಯ ಮರ ಮಾಡಿದರು. ಹದ್ದು ನೀರಿಗೆ ಮುಟ್ಟಿದ್ದಷ್ಟೇ ಕಂಡಿತು, ಏಳುವಾಗ ಕಾಲಲ್ಲಿ ಏನೋ ತಿರುಚಿಕೊಳ್ಳುತ್ತಿತ್ತು. "ಕಡಲ ಹಾವು" ಅಂದರು ಅಣ್ಣ. ಇದರ ಬಾಲ ದೋಣಿಯ ಹುಟ್ಟಿನ ಹಾಗೆ ಚಪ್ಪಟೆ ಇರುತ್ತದೆ. ವಿಷ ಜೋರು. ಬಲೆಗೆ ಬಂದರೆ ಇವರೆಲ್ಲ ಮೈಯೆಲ್ಲ ಕಣ್ಣಾಗಿ ಬಿಡಿಸುತ್ತಾರಂತೆ.

ಇನ್ನೂ ಸ್ವಲ್ಪ ಹೋದ ಮೇಲೆ ತಮ್ಮ ಎದ್ದು ನಿಂತು ಕೈ ತೋರಿಸಿದರು. ನನಗೆ ಏನೂ ಕಾಣಲಿಲ್ಲ. ಅಣ್ಣ ಎಂಜಿನ್ ಬಂದ್ ಮಾಡಿದರು. "ಇನ್ನು ಮಾತಾಡ್ಬೇಡಿ ಮಾಷ್ಟ್ರೇ."

ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಕೆಲವು ವರ್ಷದ ಹಿಂದೆ ಬೇರೊಂದು ಊರಿನಲ್ಲಿ ದುಡ್ಡು ಕೊಟ್ಟು ಡಾಲ್ಫಿನ್ ನೋಡಲು ಹೋಗಿದ್ದೆ. ಒಂದು ರೆಕ್ಕೆ ಕಂಡ ಕೂಡಲೇ ಏಳೆಂಟು ಬೋಟುಗಳು ಒಟ್ಟಿಗೆ ಅತ್ತ ನುಗ್ಗಿದವು, ಜನ ಕೂಗಿದರು, ಡೀಸೆಲ್ ಹೊಗೆ, ಅದು ಮುಳುಗಿದ ಕಡೆಗೇ ಮತ್ತೆ ಬೋಟು ತಿರುಗಿಸಿದರು. ವಾಪಸು ಬರುವಾಗ ಮನಸ್ಸಿಗೆ ತುಂಬ ಬೇಸರ ಆಗಿತ್ತು. ಡಾಲ್ಫಿನ್‌ಗೆ ಕಿವಿಯೇ ಕಣ್ಣು. ಟಿಕ್ ಟಿಕ್ ಅಂತ ಸದ್ದು ಬಿಟ್ಟು, ಅದು ಬಡಿದು ತಿರುಗಿ ಬರುವುದನ್ನು ಕೇಳಿಯೇ ಕೆಸರು ನೀರಿನಲ್ಲೂ ಮೀನು ಹುಡುಕುತ್ತದೆ. ಅಷ್ಟು ಎಂಜಿನ್‌ಗಳ ಗಲಾಟೆಯ ನಡುವೆ ಅದಕ್ಕೆ ಏನು ಕೇಳಿಸೀತು?

ಇಲ್ಲಿ ನಾವು ಸುಮ್ನೆ ಕೂತೆವು. ದೋಣಿಯ ಬದಿಗೆ ನೀರು ತಟ್ಟುವ ಸದ್ದು ಮಾತ್ರ. ಹತ್ತು ನಿಮಿಷ ಆಗಿರಬಹುದು. ಆಮೇಲೆ ಎಡಕ್ಕೆ "ಫುಶ್" ಅಂತ ಕೇಳಿಸಿತು. ಮೊದಲು ಉದ್ದ ಮೂತಿ ಮೇಲೆ ಬಂತು, ಆಮೇಲೆ ಬೂದು ಬಣ್ಣದ ಬೆನ್ನು, ಬೆನ್ನಿನ ಮೇಲೆ ಉದ್ದಕ್ಕೆ ಒಂದು ಡುಬ್ಬ, ಡುಬ್ಬದ ತುದಿಯಲ್ಲಿ ಚಿಕ್ಕ ರೆಕ್ಕೆ. ಡುಬ್ಬದ ಡಾಲ್ಫಿನ್. ಆಳ ಕಡಲಿಗೆ ಹೋಗುವ ಜಾತಿ ಅಲ್ಲ ಇದು, ದಡದ ಹತ್ತಿರದ ಕಡಿಮೆ ನೀರಿನಲ್ಲೇ ಇದರ ಬದುಕು. ನಾವೂ ಅಲ್ಲೇ ಬಲೆ ಬಿಡುವುದು, ಹಾಗಾಗಿ ಅಪಾಯದ ಅಂಚಿನಲ್ಲಿರುವ ಪ್ರಾಣಿಗಳ ಪಟ್ಟಿಯಲ್ಲಿದೆ. ಒಟ್ಟು ಐದು ಇದ್ದವು. ಒಂದಕ್ಕೆ ಮರಿ ಅಂಟಿಕೊಂಡೇ ಇತ್ತು, ತಾಯಿ ಉಸಿರು ಬಿಟ್ಟ ಮರುಕ್ಷಣ ಅದರದ್ದೂ ಸಣ್ಣ "ಫುಶ್". ನನ್ನಿಂದ ಎರಡು ಮಾರು ದೂರದಲ್ಲಿ! ಆ ಉಸಿರಿಗೆ ಮೀನಿನ ವಾಸನೆ ಇತ್ತು. ಫೋನ್ ಕಿಸೆಯಲ್ಲೇ ಇತ್ತು, ತೆಗೆಯಬೇಕು ಅಂತ ಅನ್ನಿಸಲೇ ಇಲ್ಲ.

ಅವು ಹೋದ ಮೇಲೆ ಅಣ್ಣ ಮಾತಾಡಿದರು. ಮಲಯಾಳಿ ದೋಣಿಯವರು ಇದನ್ನು ಕಡಲ್‌ಪನ್ನಿ ಅನ್ನುತ್ತಾರೆ, ಕಡಲ ಹಂದಿ ಅಂತ ಅರ್ಥ. "ಬಲೆ ಹರಿದ ದಿನ ನಾವೂ ಬೈತೇವೆ. ಸಾವಿರಗಟ್ಟಲೆ ನಷ್ಟ ಅಲ್ವಾ? ಆದ್ರೆ ಇವು ಇದ್ದಲ್ಲಿ ಮೀನು ಇದೆ ಅಂತ ನಮಗೆ ಗೊತ್ತಾಗುದೂ ಇವುಗಳಿಂದಲೇ." ಆ ಎರಡೂ ಮಾತು ನಿಜ. ಡಾಲ್ಫಿನ್ ಉಳಿಸಿ ಅಂತ ದಡದಲ್ಲಿ ನಿಂತು ಹೇಳುವ ನನ್ನಂಥವರು ಆ ನಷ್ಟದ ಮಾತನ್ನು ಮೊದಲು ಕೇಳಬೇಕು.

ವಾಪಸು ಬರುವಾಗ ನೀರಿನಲ್ಲಿ ಹರಿದ ಬಲೆಯ ಮುದ್ದೆಯೊಂದು ತೇಲುತ್ತಿತ್ತು. ಹತ್ತಿರ ಹೋದರೆ ಅದು ಅಲ್ಲಾಡುತ್ತಿತ್ತು. ಕಡಲಾಮೆ, ಆಲಿವ್ ರಿಡ್ಲಿ. ಇಬ್ಬರೂ ಸೇರಿ ದೋಣಿಗೆ ಎತ್ತಿದರು, ಏದುಸಿರು ಬಂತು. ಮುಂದಿನ ಎಡಗೈಗೆ ನೈಲಾನ್ ದಾರ ಸುತ್ತಿ ಸುತ್ತಿ ಚರ್ಮದೊಳಗೆ ಇಳಿದಿತ್ತು. ಆಮೆಗೂ ಉಸಿರಿಗೆ ಮೇಲೆ ಬರಲೇಬೇಕು, ಬಲೆ ಇನ್ನೂ ಭಾರ ಆಗಿದ್ದರೆ ಅಲ್ಲೇ ಮುಳುಗಿ ಸಾಯುತ್ತಿತ್ತು. ಅಣ್ಣ ಮೀನು ಕೊಯ್ಯುವ ಕತ್ತಿಯಿಂದ ಒಂದೊಂದೇ ಎಳೆ ಕತ್ತರಿಸಿದರು, ಕತ್ತಿಯ ಕೆಳಗೆ ತನ್ನ ಹೆಬ್ಬೆರಳು ಇಟ್ಟು, ಚರ್ಮಕ್ಕೆ ತಾಗದ ಹಾಗೆ. ನಾನು ಚಿಪ್ಪು ಒತ್ತಿ ಹಿಡಿದಿದ್ದೆ. ಅದರ ಕಣ್ಣಿನಿಂದ ಅಂಟಂಟಾಗಿ ನೀರು ಇಳಿಯುತ್ತಿತ್ತು. ಮೈಯ ಹೆಚ್ಚಿನ ಉಪ್ಪನ್ನು ಆಮೆ ಹಾಗೆ ಹೊರಗೆ ಹಾಕುತ್ತದೆ ಅಂತ ಪಾಠ ಮಾಡಿದವನು ನಾನೇ, ಆದರೂ ಆಗ ಅಳುವಿನ ಹಾಗೆಯೇ ಕಂಡಿತು.

ಹೋದ ವರ್ಷ ಮಕ್ಕಳನ್ನು ನೀಲೇಶ್ವರದ ತೈಕಡಪ್ಪುರಕ್ಕೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ನೈತಲ್ ಸಂಘಟನೆಯವರು ಇದೇ ಜಾತಿಯ ಆಮೆಯ ಮೊಟ್ಟೆಗಳನ್ನು ಕಾದು ಮರಿಗಳನ್ನು ಕಡಲಿಗೆ ಬಿಡುತ್ತಾರೆ. ಒಂದು ಗೂಡಿನಲ್ಲಿ ನೂರರಷ್ಟು ಮೊಟ್ಟೆ, ಮರಿ ಆಗಲು ಸುಮಾರು 45ರಿಂದ 60 ದಿನ. ಅಂಗೈಗಿಂತ ಚಿಕ್ಕ ಮರಿ. ಅದರಿಂದ ಇಷ್ಟು ದೊಡ್ಡದಾಗಲು ಎಷ್ಟು ವರ್ಷ ಕಡಲಿನಲ್ಲಿ ತಪ್ಪಿಸಿಕೊಂಡು ಬದುಕಿತ್ತೋ ಈ ಆಮೆ.

ದೋಣಿಯ ಅಂಚಿನಿಂದ ಜಾರಿಸಿ ಬಿಟ್ಟೆವು. ಒಂದು ಕ್ಷಣ ಹಾಗೇ ತೇಲಿತು, ಆಮೇಲೆ ಎಡಗೈ ಬೀಸಿತು. ಬೀಸಿದ್ದು ನೋಡಿ ಅಣ್ಣ "ಆಯ್ತು" ಅಂದರು.

ಬಲೆಯ ಮುದ್ದೆಯನ್ನು ದೋಣಿಗೆ ಹಾಕಿಕೊಂಡು ಬಂದೆವು. ಒಂದು ತುಂಡನ್ನು ಸೋಮವಾರ ಕ್ಲಾಸಿಗೆ ತೆಗೆದುಕೊಂಡು ಹೋದೆ. ಇದು ಯಾರ ಬಲೆ, ಎಲ್ಲಿಂದ ಬಂದಿರಬಹುದು ಅಂತ ಮಕ್ಕಳು ಕೇಳಿದರು, ದೊಡ್ಡ ಬೋಟಿನದ್ದು ಅಂದರು, ಬೇರೆ ಊರಿನದ್ದು ಅಂದರು. ಅಣ್ಣನ ಮಗ ಎದ್ದು ಬಂದು ಬಲೆಯ ಕಣ್ಣಿಗೆ ಎರಡು ಬೆರಳು ತೂರಿಸಿ ಅಳತೆ ನೋಡಿದ.

"ಬಂಗುಡೆ ಬಲೆ ಸರ್" ಅಂದ. "ನಮ್ಮ ಮನೇಲೂ ಇಂಥದ್ದೇ ಇರುದು."