ಉಸಿರಿಗೆ ಹಾರಿಹೋದ ಹಲ್ಲು

ಸೀನು ಬರುವಂತಾದರೆ ಮೊದಲು ತಟ್ಟೆಯಿಂದ ಮುಖ ತಿರುಗಿಸಬೇಕು. ಪ್ರಯೋಗಾಲಯದ ಮೇಡಂ ಬೆಳಗ್ಗೆಯೇ ಎಚ್ಚರಿಸಿದ್ದರು. ನಾನು ನಕ್ಕು ಸುಮ್ಮನಾಗಿದ್ದೆ.

ಆವತ್ತಿನ ಕೆಲಸ ಹಿಮಾಲಯದ ತಪ್ಪಲಿನ ಶಿವಾಲಿಕ್ ಬೆಟ್ಟಗಳಿಂದ ತಂದ ಮಣ್ಣು ಆರಿಸುವುದು. ಹೆಂಟೆಗಳನ್ನು ನೀರಲ್ಲಿ ನೆನೆಸಿ, ಸಣ್ಣ ಕಣ್ಣಿನ ಜರಡಿಯಲ್ಲಿ ತೊಳೆದು ಒಣಗಿಸಿ ಇಟ್ಟಿದ್ದರು. ಅದನ್ನು ಸೂಕ್ಷ್ಮದರ್ಶಕದ ಕೆಳಗೆ ಹರವಿಕೊಂಡು ಒದ್ದೆ ಕುಂಚದ ತುದಿಯಿಂದ ಒಂದೊಂದೇ ಕಣ ಸರಿಸಬೇಕು. ಹುಡುಕುತ್ತಿದ್ದುದು ಪಳೆಯುಳಿಕೆಯಾದ ಇಲಿಯ ಹಲ್ಲು. ಅಷ್ಟು ಪುಟ್ಟ ಪ್ರಾಣಿಯ ಮೂಳೆ ಉಳಿಯುವುದು ಅಪರೂಪ. ಹಲ್ಲಿನ ಎನಾಮೆಲ್ ಗಟ್ಟಿ, ಅದು ಉಳಿಯುತ್ತದೆ. ಹಾಗಾಗಿ ಇಲಿಗಳ ಪುರಾತನ ಕಥೆಯೆಂದರೆ ಬಹುಪಾಲು ಹಲ್ಲಿನ ಕಥೆಯೇ.

ಎರಡು ಗಂಟೆ ಬರೀ ಮರಳು. ಕತ್ತು ಹಿಡಿಯಿತು. ಆಮೇಲೆ ಒಂದು ಕಣ ಕುಂಚಕ್ಕೆ ತಾಗಿ ಮಗುಚಿತು, ಮೈಮೇಲೆ ಸಾಲು ಸಾಲು ಉಬ್ಬು! ಉದ್ದ ಎರಡು ಮಿಲಿಮೀಟರ್ ಕೂಡ ಇಲ್ಲ.

"ಮೇಲ್ದವಡೆಯ ಮೊದಲ ದವಡೆಹಲ್ಲು," ಎಂದರು ಮೇಡಂ, ಕಣ್ಣು ತೆಗೆಯದೆ. "ಉಬ್ಬು ಎಷ್ಟು ಸಾಲು, ಎಣಿಸು ನೋಡೋಣ."

ಅಡ್ಡಕ್ಕೆ ಮೂರು ಸಾಲು. ನಾಲಿಗೆಯ ಕಡೆಗೆ ಹೆಚ್ಚುವರಿ ಉಬ್ಬುಗಳು. ಮನೆಯಿಲಿ, ಹೆಗ್ಗಣಗಳು ಸೇರಿದ ಗುಂಪಿನ ಗುರುತೇ ಅವು. ಸುಮಾರು 1 ಕೋಟಿ 40 ಲಕ್ಷ ವರ್ಷ ಹಿಂದಿನ ಆಂಟೆಮಸ್ ಎಂಬ ಇಲಿಯಲ್ಲಿ ಆ ಉಬ್ಬುಗಳು ಇನ್ನೂ ಸಾಲಿಗೆ ಸರಿಯಾಗಿ ಸೇರಿರಲಿಲ್ಲ. ಅದರ ನಂತರದ ಪ್ರೊಗೊನೊಮಿಸ್‌ನಲ್ಲಿ ಸೇರಿಕೊಂಡವು. ಇದೇ ಶಿವಾಲಿಕ್ ಪದರಗಳಿರುವ ಪಾಕಿಸ್ತಾನದ ಪೊಟ್ವಾರ್ ಪ್ರಸ್ಥಭೂಮಿಯಲ್ಲಿ ಈ ಸರಣಿ ಪದರ ಪದರವಾಗಿ ಸಿಕ್ಕಿದೆ. ಅದೇ ನೆಲದ ಸುಮಾರು 60 ಲಕ್ಷ ವರ್ಷ ಹಳೆಯ ಹಲ್ಲುಗಳಿಗೆ 1978ರಲ್ಲಿ ಅಮೆರಿಕದ ಪಳೆಯುಳಿಕೆ ತಜ್ಞ ಲೂಯಿ ಜೇಕಬ್ಸ್ ಇಟ್ಟ ಹೆಸರು ಮಸ್ ಆಕ್ಟರ್. ಅಂದರೆ ನಮ್ಮ ಮನೆಯ ಚಿಟ್ಟಿಲಿಯ ಕುಲವೇ. ಮಸ್, ಮೂಷಿಕ: ಎರಡೂ ಒಂದೇ ಬೇರಿನ ಮಾತು.

"ಹಾಗಾದರೆ ಇದು ಯಾವುದು ಮೇಡಂ, ಪ್ರೊಗೊನೊಮಿಸೋ ಮಸ್ಸೋ?"

ಅವರು ಬೇಗ ಉತ್ತರ ಕೊಡಲಿಲ್ಲ. ಮಸ್‌ನಲ್ಲಿ ಈ ಹಲ್ಲಿನ ಮುಂಭಾಗ ನೀಳವಾಗಿರುತ್ತದೆ, ಒಳಬದಿಯ ಮೊದಲ ಉಬ್ಬು ಹಿಂದಕ್ಕೆ ಜರುಗಿರುತ್ತದೆ, ಕೊನೆಯ ದವಡೆಹಲ್ಲು ತೀರಾ ಕುಗ್ಗಿರುತ್ತದೆ. ಆದರೆ ಇವೆಲ್ಲ ಒಂದೇ ದಿನ ಆದದ್ದಲ್ಲ. ಲಕ್ಷಾಂತರ ವರ್ಷ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಸರಿದ ಉಬ್ಬುಗಳ ನಡುವೆ ಎಲ್ಲೋ ಒಂದು ಕಡೆ ನಾವೇ ಗೆರೆ ಎಳೆದು, ಇಲ್ಲಿಂದಾಚೆ ಮಸ್ ಎನ್ನುತ್ತೇವೆ. ಪಠ್ಯದಲ್ಲಿ ನೋಡಿದ್ದ ವಂಶವೃಕ್ಷದ ಕೊಂಬೆಗಳು ಅಷ್ಟು ನೇರ ಯಾಕಿದ್ದವು ಎಂದು ಆಗ ಕೊಂಚ ಸಿಟ್ಟೇ ಬಂತು.

ಬದುಕಿರುವ ಇಲಿಗಳ ವಿಷಯದಲ್ಲೂ ಈ ಗೆರೆ ಅಲೆದಾಡಿದೆ. 1758ರಲ್ಲಿ, ಜೀವಿಗಳಿಗೆ ಹೆಸರಿಡುವ ಪದ್ಧತಿ ತಂದ ಲಿನೇಯಸ್ ಗಿನಿಯಿಲಿ, ಹ್ಯಾಮ್‌ಸ್ಟರ್, ದೊಡ್ಡಿಲಿ ಎಲ್ಲವನ್ನೂ ಮಸ್ ಎಂದೇ ಕರೆದಿದ್ದ. ಒಂದೊಂದನ್ನೇ ಹೊರಗೆ ಕಳಿಸಿ ಈಗ ಸುಮಾರು ನಲವತ್ತು ಪ್ರಭೇದ ಉಳಿದಿವೆ, ನಾಲ್ಕು ಉಪಕುಲಗಳಲ್ಲಿ.

ಈ ಹಲ್ಲುಗಳ ಮೇಲೆ ಬಿದ್ದಿರುವ ಭಾರವೂ ಕಡಿಮೆಯದಲ್ಲ. ಜೀನುಗಳ ವ್ಯತ್ಯಾಸ ನೋಡಿ ಎರಡು ಜೀವಿಗಳು ಯಾವಾಗ ಬೇರೆಯಾದವು ಎಂದು ಲೆಕ್ಕ ಹಾಕುವ ಗಡಿಯಾರಕ್ಕೆ ಕೀಲಿ ಕೊಡಲು ಶಿವಾಲಿಕ್ ಇಲಿಗಳು ಕವಲೊಡೆದ ಕಾಲವನ್ನು ಬಳಸುತ್ತಾರೆ. ಮಸ್‌ನಿಂದ ಬೇರೆಯಾದ ಕವಲು ದೊಡ್ಡಿಲಿಗಳ ಕುಲವಾದ ರ್‍ಯಾಟಸ್‌ನದು ಎಂದು ಬಹುಕಾಲ ನಂಬಿದ್ದರು. ಅದು ಆಫ್ರಿಕಾದ ಹುಲ್ಲಿಲಿಗಳ ಕಡೆಯದು ಎಂಬ ವಾದ ಆಮೇಲೆ ಬಂತು. ಹಲ್ಲಿನ ಓದು ಬದಲಾದರೆ ಗಡಿಯಾರವೂ ಬದಲಾಗುತ್ತದೆ.

ಮೇಡಂ ಚೀಟಿಯ ಮೇಲೆ "ಮಸ್" ಎಂದು ಬರೆದು ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದರು. ಹಲ್ಲನ್ನು ಡಬ್ಬಿಗೆ ದಾಟಿಸುವ ಕೆಲಸ ನನ್ನದು. ಖುಷಿಗೆ ಬಗ್ಗಿ "ಹೂಂ" ಎಂದೆ, ಅಷ್ಟೇ. ಕುಂಚದ ತುದಿ ಖಾಲಿ.

ಮೇಜು, ನೆಲ, ನನ್ನ ತೋಳು ಎಲ್ಲ ಹುಡುಕಿದೆವು. ನೆಲದ ಧೂಳನ್ನು ಗುಡಿಸಿ ಜರಡಿ ಹಿಡಿದೆ. ನೂಲು, ಮರಳು, ಒಂದು ಇರುವೆ. ಮೇಡಂ ಬೈಯಲಿಲ್ಲ. ಖಾಲಿ ಡಬ್ಬಿಗೆ ಆ ಚೀಟಿಯನ್ನೇ ಅಂಟಿಸಿ ಕಪಾಟಿನಲ್ಲಿಟ್ಟರು.

ತಟ್ಟೆಯಲ್ಲಿ ಇನ್ನೂ ಮುಕ್ಕಾಲು ಪಾಲು ಮಣ್ಣಿತ್ತು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಕೂತೆ.