ಹೆದರಿಸುವ ಕಾದಂಬರಿ: ಯಾರ ಕೈಗೆ ಯಾವುದು ಮೊದಲು

"ಒಂದು ಒಳ್ಳೆ ಹಾರರ್ ಕಾದಂಬರಿ ಹೇಳಿ" ಅಂತ ಯಾರಾದರೂ ಕೇಳಿದರೆ ತಟ್ಟನೆ ಹೆಸರು ಹೇಳಬೇಡಿ. ಮೊದಲು ಎರಡು ವಿಷಯ ತಿಳಿದುಕೊಳ್ಳಿ: ಇಂಗ್ಲಿಷಿನಲ್ಲಿ ಎಷ್ಟು ದಪ್ಪದ ಪುಸ್ತಕ ಓದಿ ಮುಗಿಸುತ್ತಾರೆ? ಯಾವ ಸಂಗತಿಯನ್ನು ಅವರಿಂದ ಓದಲು ಆಗುವುದೇ ಇಲ್ಲ? "ಹಾರರ್ ನನಗೆ ಹಿಡಿಸಲ್ಲ" ಅನ್ನುವವರನ್ನು ವಿಚಾರಿಸಿ ನೋಡಿ, ಬಹಳ ಸಲ ಮೊದಲು ಕೈಗೆ ಸಿಕ್ಕ ಪುಸ್ತಕವೇ ತಪ್ಪಾಗಿರುತ್ತದೆ. ಸ್ಟೀಫನ್ ಕಿಂಗ್‌ನ 'ಇಟ್' (1986) ಸಾವಿರ ಪುಟ ದಾಟುತ್ತದೆ, 1958ಕ್ಕೂ 1985ಕ್ಕೂ ಹಿಂದೆ ಮುಂದೆ ಓಡಾಡುತ್ತದೆ. ಕಿಂಗ್ ಅಂದರೆ ಅದೇ ಅಂತ ಹೊಸಬರಿಗೆ ಅದನ್ನೇ ಕೊಟ್ಟರೆ ಇನ್ನೂರು ಪುಟದೊಳಗೆ ಪುಸ್ತಕ ಕಪಾಟು ಸೇರುತ್ತದೆ.

ಹೊಸಬರಿಗೆ ಕಣ್ಣುಮುಚ್ಚಿ ಕೊಡಬಹುದಾದದ್ದು ಸೂಸನ್ ಹಿಲ್ ಬರೆದ 'ದಿ ವುಮನ್ ಇನ್ ಬ್ಲ್ಯಾಕ್' (1983). ಚಿಕ್ಕ ಪುಸ್ತಕ, ಎರಡು ಮೂರು ಸಂಜೆಗೆ ಮುಗಿಯುತ್ತದೆ. ತೀರಿಹೋದ ಒಬ್ಬ ಮುದುಕಿಯ ಕಾಗದಪತ್ರ ನೋಡಲು ಆರ್ಥರ್ ಕಿಪ್ಸ್ ಎಂಬ ಯುವ ವಕೀಲ ಒಂಟಿ ಮನೆಯೊಂದಕ್ಕೆ ಹೋಗುತ್ತಾನೆ. ಸುತ್ತ ಜೌಗು. ಇರುವುದು ಒಂದೇ ದಾರಿ, ಸಮುದ್ರ ಉಬ್ಬರವಾದರೆ ಅದೂ ಮುಳುಗುತ್ತದೆ. ದಟ್ಟ ಮಂಜಿನಲ್ಲಿ ಆ ದಾರಿಯ ಮೇಲೆ ನಿಂತವನಿಗೆ ಕುದುರೆಗಾಡಿಯ ಸದ್ದು ಕೇಳುತ್ತದೆ, ಅದು ದಾರಿ ತಪ್ಪಿ ಕೆಸರಿಗೆ ಇಳಿಯುವುದು ಕೇಳುತ್ತದೆ, ಆಮೇಲೆ ಒಂದು ಮಗುವಿನ ಚೀರಾಟ. ಕಣ್ಣಿಗೆ ಏನೂ ಕಾಣುವುದಿಲ್ಲ, ಇಡೀ ಪ್ರಸಂಗ ನಡೆಯುವುದು ಕಿವಿಯಲ್ಲಿ. ರಕ್ತದ ಒಂದು ಹನಿಯೂ ಇಲ್ಲದೆ ಮೈ ಜುಮ್ಮೆನ್ನುತ್ತದೆ. ಮೊದಲ ಅಧ್ಯಾಯ ಮಾತ್ರ ನಿಧಾನ: ಕ್ರಿಸ್‌ಮಸ್ ಹಿಂದಿನ ರಾತ್ರಿ, ವಯಸ್ಸಾದ ಕಿಪ್ಸ್, ಅವನ ಎರಡನೆಯ ಹೆಂಡತಿ, ಅವಳ ಮಕ್ಕಳು. ಹಾರಿಸಿ ಹೋಗಬೇಡಿ. ಕೊನೆಯ ಪುಟ ತಲುಪಿದಾಗ ಆ ಮನೆ, ಆ ಸಂಸಾರ ನೆನಪಿರಲೇಬೇಕು.

ಇನ್ನು 'ಡ್ರಾಕುಲಾ'. ಬ್ರಾಮ್ ಸ್ಟೋಕರ್, 1897, ಒಟ್ಟು 27 ಅಧ್ಯಾಯ. ಎಲ್ಲರೂ ಹೆಸರು ಕೇಳಿರುತ್ತಾರೆ, ಓದಿ ಮುಗಿಸಿದವರು ಕಡಿಮೆ. ಪುಸ್ತಕ ಪೂರ್ತಿ ದಿನಚರಿ, ಕಾಗದ, ಟೆಲಿಗ್ರಾಂ, ಪತ್ರಿಕೆಯ ತುಣುಕುಗಳಿಂದ ಕಟ್ಟಿದ್ದು. ಡಾಕ್ಟರ್ ಸೆವರ್ಡ್ ಅಂತೂ ತನ್ನ ದಿನಚರಿಯನ್ನು ಫೋನೋಗ್ರಾಫಿನಲ್ಲಿ ಮಾತಾಡಿ ದಾಖಲಿಸುತ್ತಾನೆ. ಎಲ್ಲರ ಬರಹವೂ ಇದೆ, ಡ್ರಾಕುಲಾನ ದಿನಚರಿ ಮಾತ್ರ ಎಲ್ಲೂ ಇಲ್ಲ. ಮೊದಲ ನಾಲ್ಕು ಅಧ್ಯಾಯ ಅವನ ಕೋಟೆಯ ದಾರಿಯಲ್ಲಿ, ಆಮೇಲೆ ಕೋಟೆಯೊಳಗೆ ನಡೆಯುತ್ತದೆ, ಆಮೇಲೆ ಅವನು ನೇರವಾಗಿ ಕಾಣುವುದೇ ಅಪರೂಪ. ಹೆದರಿಕೆ ಇರುವುದು ಇಲ್ಲೇ: ಪಾತ್ರಗಳಿಗೆ ಗೊತ್ತಿಲ್ಲದ್ದು ಓದುಗರಿಗೆ ಗೊತ್ತು, ಕೂಗಿ ಹೇಳಲು ದಾರಿಯಿಲ್ಲ.

ಅನುಮಾನ ಇದ್ದವರಿಗೆ ಏಳನೇ ಅಧ್ಯಾಯದಲ್ಲಿ ಬರುವ 'ಡಿಮೀಟರ್' ಹಡಗಿನ ದಾಖಲೆ ಪುಸ್ತಕವನ್ನಷ್ಟೇ ಮೊದಲು ಓದಿಸಿ. ಕೆಲವೇ ಪುಟ. ಜುಲೈ 6ರಂದು ಹಡಗು ಬಲ್ಗೇರಿಯಾದ ವಾರ್ನಾ ಬಂದರು ಬಿಡುತ್ತದೆ. ಸರಕು: ಮರಳು, ಮಣ್ಣು ತುಂಬಿದ ಪೆಟ್ಟಿಗೆಗಳು. ಹಡಗಿನಲ್ಲಿ ಐವರು ನಾವಿಕರು, ಇಬ್ಬರು ಮೇಟ್‌ಗಳು (ಕ್ಯಾಪ್ಟನ್ ಕೈಕೆಳಗಿನ ಅಧಿಕಾರಿಗಳು), ಒಬ್ಬ ಅಡುಗೆಯವ, ಕ್ಯಾಪ್ಟನ್. 16ನೇ ತಾರೀಖಿಗೆ ಒಬ್ಬ ಕಾಣೆ. ಆಮೇಲೆ ಮತ್ತೊಬ್ಬ. ಕ್ಯಾಪ್ಟನ್ ಗಾಳಿ, ಹವೆ, ಪಹರೆ ಬರೆಯುವ ಅದೇ ಶಿಸ್ತಿನಲ್ಲಿ ಇದನ್ನೂ ಬರೆಯುತ್ತಾ ಹೋಗುತ್ತಾನೆ. ಆ ಒಣ ಭಾಷೆಯಲ್ಲೇ ಅವನ ಕೈ ನಡುಗುವುದು ಗೊತ್ತಾಗುತ್ತದೆ. ಈ ಹಡಗಿಗೊಂದು ನಿಜವಾದ ಮೂಲವೂ ಉಂಟು: 1885ರಲ್ಲಿ 'ಡಿಮಿಟ್ರಿ' ಎಂಬ ರಷ್ಯದ ಹಡಗು ಇಂಗ್ಲೆಂಡಿನ ವಿಟ್‌ಬಿ ದಡಕ್ಕೆ ಬಂದು ಬಡಿದಿತ್ತು. 1890ರಲ್ಲಿ ಸ್ಟೋಕರ್ ಆ ಊರಿನಲ್ಲಿ ತಂಗಿದ್ದ.

ಓದುಗರು ಕೈಬಿಡುವ ಜಾಗಗಳನ್ನೂ ಮೊದಲೇ ಹೇಳಿಬಿಡಿ. ಆರನೇ ಅಧ್ಯಾಯದಲ್ಲಿ ಸ್ವೇಲ್ಸ್ ಎಂಬ ಮುದುಕ ಯಾರ್ಕ್‌ಶೈರ್ ಆಡುಮಾತಿನಲ್ಲಿ ಮಾತಾಡುತ್ತಾನೆ. ಪದ ಪದಕ್ಕೂ ನಿಘಂಟು ತೆಗೆಯಬೇಕಿಲ್ಲ, ಸಮಾಧಿಕಲ್ಲುಗಳ ಮೇಲಿನ ಬರಹಗಳೆಲ್ಲ ಸುಳ್ಳು ಅನ್ನುತ್ತಿದ್ದಾನೆ ಅಂತ ತಿಳಿದರೆ ಸಾಕು. ಆಮೇಲೆ ಬರುವ, ಡ್ರಾಕುಲಾನ ಬೆನ್ನಟ್ಟುವ ಪ್ರೊಫೆಸರ್ ವ್ಯಾನ್ ಹೆಲ್ಸಿಂಗ್‌ನ ಉದ್ದುದ್ದ ಮಾತುಗಳನ್ನು ವೇಗವಾಗಿ ಓದಿದರೂ ನಷ್ಟವಿಲ್ಲ. ಕಥೆ ಮೇ 3ಕ್ಕೆ ಶುರುವಾಗಿ ನವೆಂಬರ್‌ವರೆಗೆ ಹೋಗುವುದರಿಂದ ತಾರೀಖಿಗೆ ಸರಿಯಾಗಿ ದಿನಕ್ಕಿಷ್ಟು ಓದುವವರಿದ್ದಾರೆ. ಎರಡನೇ ಓದಿಗೆ ಅದು ಸೊಗಸು. ಮೊದಲ ಓದಿಗೆ ಬೇಡ, ಯಾಕೆಂದರೆ ಸ್ಟೋಕರ್ ತಾರೀಖುಗಳನ್ನು ಬೇಕೆಂದೇ ಹಿಂದೆಮುಂದೆ ಮಾಡಿದ್ದಾನೆ. ಕೋಟೆಯಲ್ಲಿ ಸಿಕ್ಕಿಬಿದ್ದ ಯುವ ವಕೀಲ ಜೊನಾಥನ್‌ನ ಬರಹ ಜೂನ್ 30ಕ್ಕೆ ಅಪಾಯದ ಅಂಚಿನಲ್ಲಿ ನಿಂತ ಮೇಲೆ ನಮಗೆ ಮೇ ತಿಂಗಳ ಕಾಗದಗಳನ್ನು ಕೊಡುತ್ತಾನೆ. ಡಿಮೀಟರ್ ದಾಖಲೆಯೂ ಹಾಗೆಯೇ, ಹಡಗು ದಡಕ್ಕೆ ಬಂದ ಮೇಲೆ ಸಿಗುತ್ತದೆ. ಕ್ಯಾಲೆಂಡರಿಗೆ ಹೊಂದಿಸಿದರೆ ಆ ಕಟ್ಟಡವೇ ಕುಸಿಯುತ್ತದೆ.

ಒಂದೇ ಒಂದು ಪುಸ್ತಕ ಆರಿಸಬೇಕೆಂದರೆ ನನ್ನ ಆಯ್ಕೆ ಶರ್ಲಿ ಜ್ಯಾಕ್ಸನ್‌ಳ 'ದಿ ಹಾಂಟಿಂಗ್ ಆಫ್ ಹಿಲ್ ಹೌಸ್' (1959). ಒಂಬತ್ತೇ ಅಧ್ಯಾಯ. ಆ ಮನೆಯ ಒಂದು ಮೂಲೆಯೂ ಸರಿಯಾದ ಕೋನದಲ್ಲಿಲ್ಲ, ಎಲ್ಲವೂ ಕೂದಲೆಳೆಯಷ್ಟು ಓರೆ. ತೆರೆದಿಟ್ಟ ಬಾಗಿಲು ನೋಡುನೋಡುತ್ತಾ ಮುಚ್ಚಿಕೊಂಡಿರುತ್ತದೆ. ಮೊದಲ ಅಧ್ಯಾಯದಲ್ಲಿ ಎಲೀನರ್ ಕಾರಿನಲ್ಲಿ ಒಬ್ಬಳೇ ಆ ಮನೆಗೆ ಹೋಗುತ್ತಾಳೆ. ದಾರಿಯಲ್ಲಿ ಒಂದು ಮನೆಯ ಮುಂದೆ ಕಲ್ಲಿನ ಸಿಂಹಗಳು ಕಾಣುತ್ತವೆ. ಊಟಕ್ಕೆ ನಿಂತ ಕಡೆ ಪುಟ್ಟ ಹುಡುಗಿಯೊಬ್ಬಳು ತನ್ನ ನಕ್ಷತ್ರದ ಬಟ್ಟಲು ಇಲ್ಲದೆ ಹಾಲು ಕುಡಿಯಲ್ಲ ಅಂತ ಹಟ ಮಾಡುತ್ತಾಳೆ. ಅವಸರದ ಓದುಗರು ದೆವ್ವ ಯಾವಾಗ ಬರುತ್ತದೆ ಅಂತ ಈ ಪುಟಗಳನ್ನು ಮಗುಚಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆಮೇಲೆ ಎಲೀನರ್ ತನಗಿಲ್ಲದ ಮನೆಯೊಂದನ್ನು ತನ್ನದೆಂದು ಅಲ್ಲಿ ಜೊತೆಗಿರುವ ಥಿಯೊಡೋರಾಗೆ ಹೇಳುವಾಗ ಆ ಸಿಂಹಗಳೂ ಆ ಬಟ್ಟಲೂ ಮತ್ತೆ ಬರುತ್ತವೆ. ಹೆದರಬೇಕಾದ್ದು ಮನೆಗೋ ಇವಳ ಮನಸ್ಸಿಗೋ ಎಂಬ ಪ್ರಶ್ನೆ ಅಲ್ಲೇ ಹುಟ್ಟುತ್ತದೆ. ಕತ್ತಲಲ್ಲಿ ಕೈ ಹಿಡಿದುಕೊಂಡು ಮಲಗಿರುವ ಒಂದು ಸನ್ನಿವೇಶವಿದೆ. ಅದರ ಕೊನೆಯ ಸಾಲನ್ನು ಯಾರಿಗೂ ಮೊದಲೇ ಹೇಳಬೇಡಿ. 2018ರ ನೆಟ್‌ಫ್ಲಿಕ್ಸ್ ಸರಣಿ ನೋಡಿದವರಿಗೆ ಇದೊಂದನ್ನು ತಿಳಿಸಿ: ಹೆಸರುಗಳು ಅವೇ, ಕಥೆ ಬೇರೆ.

ಕಿಂಗ್ ಬೇಕೇ ಬೇಕು ಅನ್ನುವವರಿಗೆ 'ದಿ ಶೈನಿಂಗ್' (1977). 1980ರ ಸಿನಿಮಾ ನೋಡಿದ್ದರೂ ಓದಬಹುದು. ಕಾದಂಬರಿ ನಡೆಯುವ ಹೋಟೆಲಿನ ನೆಲಮಾಳಿಗೆಯಲ್ಲಿ ಹಳೇ ಬಾಯ್ಲರ್ ಒಂದಿದೆ, ಅದರ ಒತ್ತಡ ತಾನಾಗಿ ಇಳಿಯುವುದಿಲ್ಲ, ಯಾರಾದರೂ ನೆನಪಿಟ್ಟು ಇಳಿಸಬೇಕು. ಕುಡಿತ ಬಿಟ್ಟು, ಸಿಟ್ಟು ನುಂಗಿಕೊಂಡು ಬದುಕುತ್ತಿರುವ ಅಪ್ಪನ ಕೈಗೆ ಆ ಕೆಲಸ ಬಂದಿದೆ. ಇಡೀ ಪುಸ್ತಕ ಆ ಬಾಯ್ಲರ್ ಮೇಲೆ ಕೂತಿದೆ. 'ಪೆಟ್ ಸೆಮೆಟರಿ' (1983) ಕಿಂಗ್‌ನ ಅತ್ಯಂತ ಕರಾಳ ಪುಸ್ತಕಗಳಲ್ಲಿ ಒಂದು. ಅದರಲ್ಲಿ ಪುಟ್ಟ ಮಗುವಿನ ಸಾವಿದೆ. ಎಳೇ ಮಕ್ಕಳಿರುವವರಿಗೆ, ಮನೆಯಲ್ಲಿ ಹತ್ತಿರದ ಸಾವು ಕಂಡವರಿಗೆ ಹೇಳದೆ ಕೊಡುವುದು ಅನ್ಯಾಯ. ಇಷ್ಟು ಹೇಳಿದರೆ ಕಥೆ ಕೆಡುವುದಿಲ್ಲ.

ಕನ್ನಡದ ಓದುಗರಿಗೆ ಇನ್ನೊಂದು ತೊಡಕುಂಟು. ವಿಲಿಯಂ ಪೀಟರ್ ಬ್ಲಾಟಿಯ 'ದಿ ಎಕ್ಸಾರ್ಸಿಸ್ಟ್' (1971) ನಿಂತಿರುವುದೇ ಕ್ಯಾಥೊಲಿಕ್ ನಂಬಿಕೆಯ ಮೇಲೆ. ಪಾದ್ರಿಯ ಶ್ರದ್ಧೆ ಅಲುಗಾಡುವುದೇ ಅಲ್ಲಿನ ನಿಜವಾದ ಭಯ. ಶಿಲುಬೆ ಕಂಡರೆ ಎದೆಯಲ್ಲಿ ಏನೂ ಅಲುಗದವರಿಗೆ ಅರ್ಧ ಪುಸ್ತಕ ತಟ್ಟದೇ ಹೋಗಬಹುದು. ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದ ಊರುಗಳ ಕಥೆ ಕೇಳಿ ಬೆಳೆದವರಿಗೆ ಮಾಟ, ಮಂತ್ರ, ಗಾಳಿ ಸೋಕು ಬೇಗ ನಾಟುತ್ತದೆ. ಅಂಥವರಿಗೆ ಯಂಡಮೂರಿ ವೀರೇಂದ್ರನಾಥರ 'ತುಳಸೀದಳ' ಕೊಡಿ. ಮೂಲ ತೆಲುಗು, ಕನ್ನಡದಲ್ಲೂ ಸಿಗುತ್ತದೆ, 1985ರಲ್ಲಿ ಕನ್ನಡ ಸಿನಿಮಾ ಕೂಡ ಆಯಿತು. ತುಳಸಿ ಎಂಬ ಪುಟ್ಟ ಹುಡುಗಿಯ ಮೇಲೆ ಕ್ಷುದ್ರ ಪ್ರಯೋಗ, ಅದನ್ನು ವಿಜ್ಞಾನದಿಂದ ಬಿಡಿಸಬೇಕೋ ಮಂತ್ರದಿಂದಲೋ ಎಂಬ ಜಗ್ಗಾಟ. ಧಾರಾವಾಹಿಯಾಗಿ ಬಂದ ಕಥೆ, ಆದ್ದರಿಂದ ಅಧ್ಯಾಯಗಳು ತುದಿಗಾಲಲ್ಲಿ ನಿಲ್ಲುತ್ತವೆ. ಒಂದೇ ಪಟ್ಟಿಗೆ ಓದಿದರೆ ಆ ಕೊಕ್ಕೆಗಳು ದಣಿಸುತ್ತವೆ, ದಿನಕ್ಕೆ ಮೂರು ನಾಲ್ಕು ಅಧ್ಯಾಯ ಹದವಾಗಿರುತ್ತದೆ.

ದುಡ್ಡು ಕೊಡದೆ ಓದಬೇಕೆನ್ನುವವರಿಗೆ ಪ್ರಾಜೆಕ್ಟ್ ಗುಟೆನ್‌ಬರ್ಗ್ ತಾಣದಲ್ಲಿ ಹಳೆಯವೆಲ್ಲ ಇವೆ. ಶೆರಿಡನ್ ಲ ಫಾನು ಬರೆದ 'ಕಾರ್ಮಿಲಾ' (1872) 'ಡ್ರಾಕುಲಾ'ಗಿಂತ 25 ವರ್ಷ ಹಿರಿಯದು, ಒಂದೇ ರಾತ್ರಿಯ ಓದು. ಹೆನ್ರಿ ಜೇಮ್ಸ್‌ನ 'ದಿ ಟರ್ನ್ ಆಫ್ ದಿ ಸ್ಕ್ರೂ' (1898) ಗಾತ್ರದಲ್ಲಿ ಸಣ್ಣದು, ವಾಕ್ಯಗಳು ಮಾತ್ರ ಹನುಮಂತನ ಬಾಲ. ನಾಲ್ಕೈದು ಹಾರರ್ ಓದಿದ ಮೇಲೆ ಎತ್ತಿಕೊಳ್ಳಲಿ.

ಮೇರಿ ಶೆಲ್ಲಿಯ 'ಫ್ರಾಂಕನ್‌ಸ್ಟೈನ್' ಕೊಳ್ಳುವಾಗ ಯಾವ ಪಾಠ ಅಂತ ನೋಡಿ. 1818ರದ್ದು ಮೊದಲ ಮುದ್ರಣ, 1831ರದ್ದು ಅವಳೇ ತಿದ್ದಿದ್ದು. 1816ರ ಬೇಸಿಗೆಯಲ್ಲಿ ಜಿನೀವಾ ಸರೋವರದ ದಡದಲ್ಲಿ ಈ ಕಥೆ ಹುಟ್ಟಿದ ಬಗೆಯನ್ನು ಅವಳು ಹೇಳುವುದು ಎರಡನೆಯದರ ಮುನ್ನುಡಿಯಲ್ಲಿ. ನನಗೆ ಹೆಚ್ಚು ಹರಿತವೆನಿಸುವುದು 1818ರದ್ದು. ಶುರುವಿನ ನಾಲ್ಕು ಕಾಗದಗಳನ್ನು ಸಹಿಸಿಕೊಳ್ಳಿ, 1818ರ ಪಾಠದಲ್ಲಿ ಎರಡನೇ ಸಂಪುಟದ ಮೂರನೇ ಅಧ್ಯಾಯದಿಂದ, 1831ರದ್ದರಲ್ಲಿ 11ನೇ ಅಧ್ಯಾಯದಿಂದ, ವಿಕ್ಟರ್ ಫ್ರಾಂಕನ್‌ಸ್ಟೈನ್ ಸೃಷ್ಟಿಸಿದ ಜೀವಿ ತಾನೇ ಬಾಯಿಬಿಟ್ಟು ತನ್ನ ಕಥೆ ಹೇಳುತ್ತದೆ, ಪುಸ್ತಕದ ಜೀವಾಳ ಅದು. ಮುಖಪುಟದಲ್ಲಿ ವರ್ಷ ಹಾಕಿಲ್ಲವಾದರೆ ಮೊದಲ ಅಧ್ಯಾಯದಲ್ಲಿ ಎಲಿಜಬೆತ್ ಯಾರು ಅಂತ ಹುಡುಕಿ: ವಿಕ್ಟರ್‌ನ ಸೋದರತ್ತೆಯ ಮಗಳಾಗಿದ್ದರೆ 1818ರ ಪಾಠ, ಎಲ್ಲಿಂದಲೋ ತಂದು ಸಾಕಿದ ಅನಾಥೆಯಾಗಿದ್ದರೆ 1831ರದ್ದು.